ಹಡಗಿಲ್ಲದವರಿಗೆ ಆ ಬೆಟ್ಟವಿಲ್ಲ

(ಸರಕು ಹಡಗುಗಳಲ್ಲಿ ದುಡಿದು ನಿವೃತ್ತರಾಗಿ ಕಾರವಾರದಲ್ಲಿ ನೆಲೆಸಿದ ಚಿಕ್ಕಪ್ಪ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತ, ರಜೆ ಸಿಕ್ಕಾಗಲೆಲ್ಲ ಹಿಮಾಲಯಕ್ಕೆ ಓಡುವ ಅವರ ಅಣ್ಣನ ಮಗಳು. ಅವಳ ಕೈಯಲ್ಲಿ ಒಂದು ಯೋಜನೆಯ ಕರಡು.)

ಹುಡುಗಿ: ಚಿಕ್ಕಪ್ಪ, ಇದನ್ನು ಒಮ್ಮೆ ಓದ್ತೀರಾ? ನಮ್ಮ ತಂಡ ಒಂದು ಬೆಟ್ಟ ಹತ್ತಬೇಕು ಅಂತಿದೆ. ಎತ್ತರ ಬರೀ 2745 ಮೀಟರ್.

ಚಿಕ್ಕಪ್ಪ: ಉತ್ತರಕಾಶಿಯಲ್ಲಿ ಕೋರ್ಸ್ ಮುಗಿಸಿ, ಆರು ಸಾವಿರ ಮೀಟರ್ ಹತ್ತಿ ಬಂದವಳು ಇದಕ್ಕೆ ನನ್ನ ಸಲಹೆ ಕೇಳೋದಾ? ನನಗೆ ಸದಾಶಿವಗಡದ ಗುಡ್ಡ ಹತ್ತುವಾಗಲೇ ಏದುಸಿರು ಬರ್ತದೆ.

ಹುಡುಗಿ: ಬೆಟ್ಟ ಇರೋದು ಹರ್ಡ್ ದ್ವೀಪದಲ್ಲಿ. ಬಿಗ್ ಬೆನ್ ಅನ್ನೋ ಜ್ವಾಲಾಮುಖಿ, ಅದರ ನೆತ್ತಿಗೆ ಮಾಸನ್ ಶಿಖರ ಅಂತ ಹೆಸರು.

ಚಿಕ್ಕಪ್ಪ: ಓಹೋ. ಹಾಗಾದರೆ ಸರಿಯಾದ ಮನೆಗೇ ಬಂದಿದ್ದೀ. ಕರಡು ಆಮೇಲೆ ನೋಡುವ. ಮೊದಲು ಆ ಕಪಾಟಿನಿಂದ ಹಿಂದೂ ಮಹಾಸಾಗರದ ನಕ್ಷೆ ತೆಗಿ. ಹಾಂ, ಇಲ್ಲಿ ಬೆರಳಿಡು. ಇದು ಕಾರವಾರ, ಪೂರ್ವ ರೇಖಾಂಶ 74 ಡಿಗ್ರಿ ಚಿಲ್ಲರೆ. ಈಗ ಬೆರಳನ್ನು ನೇರ ಕೆಳಗೆ ಎಳೆದುಕೊಂಡು ಹೋಗು. ಮಿನಿಕಾಯ್ ಪಕ್ಕದಲ್ಲೇ ಹೋಯ್ತು. ಮಾಲ್ಡೀವ್ಸ್ ಹೋಯ್ತು. ಸಮಭಾಜಕ ದಾಟಿತು, ಚಾಗೋಸ್ ಪಶ್ಚಿಮಕ್ಕೆ ಉಳೀತು. ಆಮೇಲೆ?

ಹುಡುಗಿ: ನೀಲಿ. ಬರೀ ನೀಲಿ.

ಚಿಕ್ಕಪ್ಪ: ಎಳೀತಾ ಹೋಗು. ದಕ್ಷಿಣ ಅಕ್ಷಾಂಶ 53 ಡಿಗ್ರಿಗೆ ಬಂದಾಗ ಬೆರಳಿನ ಪಕ್ಕದಲ್ಲೇ ಒಂದು ಚುಕ್ಕಿ ಸಿಗ್ತದೆ, ರೇಖಾಂಶ 73 ಮುಕ್ಕಾಲಿಗೂ ಸ್ವಲ್ಪ ಕಡಿಮೆ. ಅದೇ ಹರ್ಡ್. ನಮ್ಮ ಕರಾವಳಿಯಿಂದ ಏಳೂವರೆ ಸಾವಿರ ಕಿಲೋಮೀಟರ್, ಹೆಚ್ಚುಕಡಿಮೆ ಒಂದೇ ಗೆರೆ. ಇನ್ನೂ ಕೆಳಗೆ ಹೋದರೆ ಅಂಟಾರ್ಕ್ಟಿಕದ ದಡದಲ್ಲಿ ನಮ್ಮದೇ ‘ಭಾರತಿ’ ಸಂಶೋಧನಾ ನೆಲೆ, 2012ರಲ್ಲಿ ಶುರುವಾದದ್ದು. ಇವೆರಡರ ನಡುವಿನ ದಾರಿಯಲ್ಲಿ ಪೆಟ್ರೋಲ್ ಪಂಪ್ ಇಲ್ಲ ಮಾರಾಯ್ತಿ.

ಹುಡುಗಿ: ಕಾರವಾರದಿಂದ ಯಾರು ಹೊರಡ್ತಾರೆ? ಪರ್ತ್‌ಗೆ ವಿಮಾನ, ಪಕ್ಕದ ಫ್ರೀಮ್ಯಾಂಟಲ್ ಬಂದರಿನಿಂದ ಹಡಗು ಅಂತ ಬರೆದಿದ್ದೀವಿ. ಅಲ್ಲಿಂದ ಸುಮಾರು 4100 ಕಿಲೋಮೀಟರ್.

ಚಿಕ್ಕಪ್ಪ: ಅಂದರೆ 2200 ನಾಟಿಕಲ್ ಮೈಲಿ. ಸಣ್ಣ ಹಡಗು 10 ನಾಟ್ ವೇಗದಲ್ಲಿ ಹೋಗ್ತದೆ ಅಂತಿಟ್ಟುಕೊ. ದಿನಕ್ಕೆ 240 ಮೈಲಿ. ಒಂಬತ್ತು-ಹತ್ತು ದಿನ, ಅದೂ ಕಡಲು ಒಪ್ಪಿದರೆ. ಆದರೆ ನೀನು ಹೋಗೋದು ನೈಋತ್ಯಕ್ಕೆ, ಅಲ್ಲಿ ಗಾಳಿ ಬೀಸೋದು ಪಶ್ಚಿಮದಿಂದ. ಅಂದರೆ ಹೋಗುವಾಗ ಪೂರ್ತಿ ಮುಖಕ್ಕೆ ಗಾಳಿ. ನಾನು 40ರ ಅಕ್ಷಾಂಶದವರೆಗೆ ಹೋದವನು. ಸರಕು ತುಂಬಿದ ದೊಡ್ಡ ಹಡಗೇ ಅಲ್ಲಿ ನರಳ್ತದೆ, ಊಟದ ಮೇಜಿನ ಬಟ್ಟೆ ಒದ್ದೆ ಮಾಡಿ ಇಡ್ತಿದ್ದೆವು, ತಟ್ಟೆ ಜಾರಬಾರದು ಅಂತ. 53 ಅಂದರೆ ಅದಕ್ಕೂ ಆಚೆ. ಭೂಮಿಯ ಸುತ್ತ ಆ ಅಕ್ಷಾಂಶದಲ್ಲಿ ಗಾಳಿಗೆ ಅಡ್ಡ ನಿಲ್ಲುವ ನೆಲವೇ ಹೆಚ್ಚಿಲ್ಲ, ದಕ್ಷಿಣ ಅಮೆರಿಕದ ಬಾಲ ಬಿಟ್ಟರೆ. ನಿನ್ನ ಕರಡಿನಲ್ಲಿ ಹಡಗಿಗೆ ಎಷ್ಟು ಪುಟ?

ಹುಡುಗಿ: ಅರ್ಧ ಪುಟ. ಕ್ರಾಂಪಾನ್, ಹಗ್ಗ, ಟೆಂಟ್, ಆಹಾರ ಎಲ್ಲ ಸೇರಿ ಏಳು ಪುಟ.

ಚಿಕ್ಕಪ್ಪ: ಅದನ್ನು ತಿರುಗಿಸು. ಈ ಬೆಟ್ಟದ ಯೋಜನೆ ಅಂದರೆ ಮುಕ್ಕಾಲು ಪಾಲು ಹಡಗಿನ ಯೋಜನೆ. ನಿಮ್ಮ ಹಿಮಾಲಯದಲ್ಲಿ ಜೀಪು, ಕತ್ತೆ, ಪೋರ್ಟರು, ಕೊನೆಗೆ ನಿಮ್ಮ ಕಾಲು. ಯಾವುದೋ ಒಂದು ಕೈಕೊಟ್ಟರೆ ಇನ್ನೊಂದು ಇರ್ತದೆ. ಇಲ್ಲಿ ಹಡಗಿಲ್ಲದವರಿಗೆ ಬೆಟ್ಟವೇ ಇಲ್ಲ. ವಿಮಾನ ಇಳಿಯುವ ಪಟ್ಟಿ ಇಲ್ಲ, ಬಂದರಿಲ್ಲ, ಜೆಟ್ಟಿ ಇಲ್ಲ, ಊರಿಲ್ಲ. ಒಬ್ಬ ಮನುಷ್ಯನೂ ಖಾಯಂ ಆಗಿ ಅಲ್ಲಿಲ್ಲ.

ಹುಡುಗಿ: ಪೆಂಗ್ವಿನ್‌ಗಳಿವೆ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಅವುಗಳ ಮೇಲೂ ಹತ್ತು ಪರ್ಸೆಂಟ್ ಸುಂಕ ಹಾಕಿದ್ರಲ್ಲ!

ಚಿಕ್ಕಪ್ಪ: ಹೌದೌದು, ಹರ್ಡ್ ಮತ್ತು ಪಕ್ಕದ ಮ್ಯಾಕ್‌ಡೊನಾಲ್ಡ್ ದ್ವೀಪಗಳ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದೇ ಆವಾಗ. ಪೆಂಗ್ವಿನ್ ಏನು ರಫ್ತು ಮಾಡ್ತದೋ ಶ್ವೇತಭವನಕ್ಕೇ ಗೊತ್ತು. ಇರಲಿ. ಒಂದು ಕಾಲದಲ್ಲಿ ಅಲ್ಲಿಂದ ನಿಜಕ್ಕೂ ರಫ್ತು ಇತ್ತು. 1853ರಲ್ಲಿ ಜಾನ್ ಹರ್ಡ್ ಅನ್ನುವ ಅಮೆರಿಕದ ಕಪ್ತಾನ ಅದನ್ನು ಕಂಡ. ಎರಡೇ ವರ್ಷಕ್ಕೆ ಸೀಲ್ ಬೇಟೆಯವರು ಬಂದಿಳಿದರು. ಆನೆ ಸೀಲ್‌ಗಳನ್ನು ಕೊಂದು, ಕೊಬ್ಬು ಕಾಯಿಸಿ, ಪೀಪಾಯಿಗಟ್ಟಲೆ ಎಣ್ಣೆ ತೆಗೆದರು. ಇಪ್ಪತ್ತೈದು ಮೂವತ್ತು ವರ್ಷದಲ್ಲಿ ಪ್ರಾಣಿ ಮುಗೀತು, ಅವರೂ ಹೋದರು. ಅವರಲ್ಲಿ ಒಬ್ಬನೂ ಬೆಟ್ಟ ಹತ್ತಲಿಲ್ಲ ನೋಡು. ಹೊಟ್ಟೆಪಾಡಿಗೆ ಬಂದವರಿಗೆ ಶಿಖರ ಯಾಕೆ?

ಹುಡುಗಿ: ಹತ್ತೋಕೆ ಅಂತಲೇ ಹೋದವರೂ ಇದ್ದಾರೆ. 1965ರ ಜನವರಿ 25. ಐದು ಜನ.

ಚಿಕ್ಕಪ್ಪ: ಅವರು ಹೇಗೆ ಹೋದರು ಅಂತ ಓದಿದ್ದೀಯಾ?

ಹುಡುಗಿ: ಓದದೇ ಕರಡು ಬರೀತೀನಾ? ವಾರ್ವಿಕ್ ಡೀಕಾಕ್ ತಂಡದ ನಾಯಕ. ಅವರ ಜೊತೆ ಗ್ರಹಾಂ ಬಡ್, ಹಿಂದೆ ಅದೇ ದ್ವೀಪದ ಸಂಶೋಧನಾ ನೆಲೆಯಲ್ಲಿ ಒಂದು ವರ್ಷ ಮುಖ್ಯಸ್ಥರಾಗಿದ್ದವರು. ಇಬ್ಬರೂ 1963ರಲ್ಲಿ ಒಮ್ಮೆ ಹತ್ತೋಕೆ ಹೋಗಿ, ಬಿರುಗಾಳಿಗೆ ಸಿಕ್ಕಿ ವಾಪಸ್ ಬಂದಿದ್ರು. ಎರಡನೇ ಸಲ ತಾವೇ ಒಂದು ಹಡಗು ಹೊಂದಿಸಿದ್ರು, ‘ಪಟನೆಲಾ’ ಅಂತ, 63 ಅಡಿಯ ಉಕ್ಕಿನ ಹಾಯಿಹಡಗು. ಅದಕ್ಕೆ ಕಪ್ತಾನ ಯಾರು ಗೊತ್ತಾ? ಟಿಲ್ಮನ್! ನಂದಾದೇವಿ ಟಿಲ್ಮನ್!

ಚಿಕ್ಕಪ್ಪ: ನಿಮಗೆ ಅವನು ನಂದಾದೇವಿ ಟಿಲ್ಮನ್, ನಮಗೆ ಹಾಯಿದೋಣಿ ಟಿಲ್ಮನ್. ಒಂದೇ ಮನುಷ್ಯ, ಎರಡು ಜನ್ಮ.

ಹುಡುಗಿ: 1936ರಲ್ಲಿ ಓಡೆಲ್ ಜೊತೆ ನಂದಾದೇವಿ ಹತ್ತಿದಾಗ ಅದು ಮನುಷ್ಯ ಹತ್ತಿದ ಅತಿ ಎತ್ತರದ ಶಿಖರ, 7816 ಮೀಟರ್. 1950ರಲ್ಲಿ ಅನ್ನಪೂರ್ಣ ಹತ್ತುವವರೆಗೂ ಆ ದಾಖಲೆ ನಿಂತಿತ್ತು.

ಚಿಕ್ಕಪ್ಪ: ಆಮೇಲೆ ಹಿಮಾಲಯ ಬಿಟ್ಟು, ಹಳೆಯ ಹಾಯಿದೋಣಿ ಕೊಂಡು, ಕಡಲ ಮೂಲಕ ಮಾತ್ರ ತಲುಪಬಹುದಾದ ಬೆಟ್ಟಗಳನ್ನು ಹುಡುಕಿಕೊಂಡು ಹೊರಟ. ಪೆಟಗೋನಿಯ, ಗ್ರೀನ್‌ಲ್ಯಾಂಡ್, ದಕ್ಷಿಣದ ಕ್ರೊಜೆ ದ್ವೀಪಗಳು. ಪಟನೆಲಾದ ಚುಕ್ಕಾಣಿ ಹಿಡಿದಾಗ ವಯಸ್ಸು 66. ಈಗ ನನಗೆ ಒಂದು ಹೇಳು. ಹರ್ಡ್ ದ್ವೀಪದಲ್ಲಿ ಐವರು ಹತ್ತುತ್ತಿರುವಾಗ ಈ ಮನುಷ್ಯ ಎಲ್ಲಿದ್ದ? ನಂದಾದೇವಿ ಹತ್ತಿದವನು, ಕಣ್ಣೆದುರಿಗೆ ಯಾರೂ ಹತ್ತದ ಬೆಟ್ಟ.

ಹುಡುಗಿ: ಹಡಗಿನಲ್ಲಿ.

ಚಿಕ್ಕಪ್ಪ: ಹಡಗಿನಲ್ಲಿ! ಅದೂ ದ್ವೀಪದ ಎದುರಿಗೆ ಅಲ್ಲ. ಅಲ್ಲಿ ಲಂಗರು ಹಾಕಿ ನೆಚ್ಚಿಕೊಂಡು ಕೂರುವ ಜಾಗವೇ ಇಲ್ಲ. ಗಾಳಿ ತಿರುಗಿದರೆ ಹಡಗು ಹೋಗಿ ದಡಕ್ಕೆ ಬಡೀತದೆ. ಅದಕ್ಕೆ ಐವರನ್ನು ರಬ್ಬರ್ ದೋಣಿಯಲ್ಲಿ ದಡಕ್ಕೆ ಬಿಟ್ಟು, ಉಳಿದ ನಾಲ್ವರ ಜೊತೆ ಟಿಲ್ಮನ್ ಕೆರ್ಗೆಲೆನ್‌ಗೆ ಹೋದ. ಫ್ರೆಂಚರ ದ್ವೀಪ, ವಾಯವ್ಯಕ್ಕೆ ಸುಮಾರು 450 ಕಿಲೋಮೀಟರ್ ದೂರ. ಅಲ್ಲಿ ಕಾದಿದ್ದು, ಹೇಳಿದ ಹೊತ್ತಿಗೆ ವಾಪಸ್ ಬಂದು ಅವರನ್ನು ಎತ್ತಿಕೊಂಡ. ನನ್ನ ಲೆಕ್ಕದಲ್ಲಿ ಆ ಯಾತ್ರೆಯ ದೊಡ್ಡ ಕೆಲಸ ಅದೇ. ಶಿಖರ ಹತ್ತಿದ್ದು ಆಮೇಲಿನದು.

ಹುಡುಗಿ: ಅದು ನಾವಿಕರ ಜಾತಿ ಅಭಿಮಾನ.

ಚಿಕ್ಕಪ್ಪ: ಇರಬಹುದು. ಆದರೆ ನೀನೇ ಯೋಚಿಸು. ಹಡಗು ಬರದಿದ್ದರೆ ಆ ಐವರ ಗತಿ? ಶಿಖರದಿಂದ ಇಳಿದು ಬಂದು ಪೆಂಗ್ವಿನ್‌ಗಳ ಜೊತೆ ಕಡಲು ನೋಡ್ತಾ ಕೂರಬೇಕಿತ್ತು. ಅದೇ ಪಟನೆಲಾ 1988ರಲ್ಲಿ ಎಲ್ಲಿ ಕಾಣೆಯಾಯ್ತು ಗೊತ್ತಾ? ಸಿಡ್ನಿಯ ಹತ್ತಿರ, ಬಾಟನಿ ಬೇ ಎದುರಿಗೆ, ಬಂದರು ಇನ್ನೇನು ಸಿಕ್ಕಿತು ಅನ್ನುವಾಗ. ಹಡಗೂ ಸಿಗಲಿಲ್ಲ, ಅದರಲ್ಲಿದ್ದ ನಾಲ್ವರೂ ಸಿಗಲಿಲ್ಲ. ಟಿಲ್ಮನ್ 1977ರಲ್ಲಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬೇರೊಂದು ಹಡಗಿನ ಜೊತೆ ಹೋದವನು ಬರಲೇ ಇಲ್ಲ. ಕಡಲು ಸಾಲ ಬರೆದಿಡ್ತದೆ.

ಹುಡುಗಿ: ಹೆದರಿಸ್ತಿದ್ದೀರಾ?

ಚಿಕ್ಕಪ್ಪ: ಇಲ್ಲ, ಅರ್ಧ ಪುಟ ಯಾಕೆ ಸಾಲದು ಅಂತ ಹೇಳ್ತಿದ್ದೇನೆ. ಈಗ ನಿನ್ನ ಬೆಟ್ಟದ ವಿಷಯ ಹೇಳು. 2745 ಅಂದರೆ ಉಸಿರಾಟದ ತೊಂದರೆ ಇಲ್ಲ ತಾನೆ?

ಹುಡುಗಿ: ಇಲ್ಲ. ಎತ್ತರಕ್ಕೆ ಒಗ್ಗಿಕೊಳ್ಳೋಕೆ ದಿನ ಕಳೆಯೋದು ಬೇಡ. ಆದರೆ ಹಿಮಾಲಯದಲ್ಲಿ ಬೇಸ್ ಕ್ಯಾಂಪೇ ನಾಲ್ಕೂವರೆ ಸಾವಿರದಲ್ಲಿರುತ್ತೆ, ಅಲ್ಲಿಂದ ಮೇಲೆ ಹತ್ತೋದು ಸಾವಿರದೈನೂರೋ ಎರಡು ಸಾವಿರವೋ. ಇಲ್ಲಿ ಸಮುದ್ರದ ಮಟ್ಟದಿಂದ ಪೂರ್ತಿ 2745 ಹತ್ತಬೇಕು. ಕೆಳಗೆ ಕಪ್ಪು ಮರಳಿನ ದಡ, ಅದರ ಹಿಂದೆಯೇ ಹಿಮನದಿ. ಕೆಲವು ಕಡೆ ಹಿಮ ನೇರ ಕಡಲಿಗೇ ಇಳಿಯುತ್ತೆ. ಒಂದು ಮರ ಇಲ್ಲ. ಇನ್ನು ಚಳಿ, ಅದೇ ವಿಚಿತ್ರ. ದಡದ ಹತ್ತಿರ ತಿಂಗಳ ಸರಾಸರಿ ಸೊನ್ನೆಯಿಂದ ನಾಲ್ಕು ಡಿಗ್ರಿ ಒಳಗೇ ಇರುತ್ತೆ, ವರ್ಷ ಪೂರ್ತಿ.

ಚಿಕ್ಕಪ್ಪ: ಹಾಗಾದರೆ ಕಾಶ್ಮೀರಕ್ಕಿಂತ ವಾಸಿ.

ಹುಡುಗಿ: ಅಲ್ಲ ಚಿಕ್ಕಪ್ಪ, ಅದೇ ಕೆಟ್ಟದ್ದು! ಮೈನಸ್ ಹದಿನೈದರಲ್ಲಿ ಹಿಮ ಒಣಗಿರುತ್ತೆ, ಕೊಡವಿದ್ರೆ ಉದುರುತ್ತೆ. ಸೊನ್ನೆ ಡಿಗ್ರಿಯಲ್ಲಿ ಬೀಳೋದು ಅರ್ಧ ಮಳೆ, ಅರ್ಧ ಹಿಮ. ಜಾಕೆಟ್ಟು, ಸ್ಲೀಪಿಂಗ್ ಬ್ಯಾಗು, ಕೈಗವಸು ಎಲ್ಲ ನೆನೆಯುತ್ತೆ, ಮತ್ತೆ ಒಣಗೋಲ್ಲ. ಬಾತುಕೋಳಿ ತುಪ್ಪಳದ ಜಾಕೆಟ್ ನೆನೆದರೆ ಮುದ್ದೆ. ನಾಲ್ಕು ದಿನದಲ್ಲಿ ಮೂರು ದಿನ ಮಳೆಯೋ ಹಿಮವೋ ಇರುತ್ತೆ. ಮೇಲೆ ಗಾಳಿ. ಗಂಟೆಗೆ 180 ಕಿಲೋಮೀಟರ್ ದಾಟಿದ ಬೀಸು ಅಲ್ಲಿ ದಾಖಲಾಗಿದೆ. ಟೆಂಟ್ ನಂಬಿ ಹೋಗೋ ಹಾಗಿಲ್ಲ, ಹಿಮದಲ್ಲಿ ಗುಹೆ ತೋಡೋದು ಎಲ್ಲರಿಗೂ ಬರಬೇಕು.

ಚಿಕ್ಕಪ್ಪ: ಗಾಳಿಯ ವಿಷಯ ನಾನು ಹೇಳ್ತೇನೆ. 1947ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯದವರು ಅಲ್ಲಿ ನೆಲೆ ಹಾಕಲಿಕ್ಕೆ ಹೋದಾಗ ವಾಲ್‌ರಸ್ ಅನ್ನುವ, ನೀರಿನ ಮೇಲೆ ಇಳಿಯುವ ವಿಮಾನ ಒಂದನ್ನು ಒಯ್ದಿದ್ದರು. ಒಂದು ಸಲ ಹಾರಿತು. ಆಮೇಲೆ ಬಿರುಗಾಳಿ ಬಂದು, ದಡದಲ್ಲಿ ಕಟ್ಟಿಹಾಕಿದ್ದ ವಿಮಾನವನ್ನು ಮುರಿದು ಹಾಕಿತು. ಅಷ್ಟೇ ಅಲ್ಲಿಯ ವಿಮಾನಯಾನದ ಕಥೆ! ಉಪಗ್ರಹದ ಚಿತ್ರ ನೋಡಿದ್ದೀಯಾ? ಹೊಳೆಯ ನಡುವಿನ ಬಂಡೆಯ ಹಿಂದೆ ನೀರು ಸುಳಿ ಸುಳಿಯಾಗಿ ಹೋಗ್ತದಲ್ಲ, ಹಾಗೆ ಬಿಗ್ ಬೆನ್‌ನ ಹಿಂದೆ ಮೋಡ ಸುಳಿ ಸುತ್ತಿಕೊಂಡು ನೂರಾರು ಕಿಲೋಮೀಟರ್ ಹೋಗ್ತದೆ. ಎಡಕ್ಕೊಂದು, ಬಲಕ್ಕೊಂದು.

ಹುಡುಗಿ: ನೋಡಿದ್ದೀನಿ. ಆ ಚಿತ್ರ ನೋಡಿಯೇ ಆಸೆ ಹುಟ್ಟಿದ್ದು.

ಚಿಕ್ಕಪ್ಪ: ನನಗೆ ಅದೇ ಚಿತ್ರ ನೋಡಿ ಆಸೆ ಹೋಯ್ತು. ಜ್ವಾಲಾಮುಖಿ ಅಂದೆಯಲ್ಲ. ಸತ್ತದ್ದಾ, ಬದುಕಿದ್ದಾ?

ಹುಡುಗಿ: ಬದುಕಿದೆ. ಆಸ್ಟ್ರೇಲಿಯದ ಆಡಳಿತಕ್ಕೆ ಸೇರಿದ ನೆಲದಲ್ಲಿ ಈಗ ಬದುಕಿರೋ ಜ್ವಾಲಾಮುಖಿ ಅಂದ್ರೆ ಹರ್ಡ್ ಮತ್ತು ಮ್ಯಾಕ್‌ಡೊನಾಲ್ಡ್ ಎರಡೇ. ಮ್ಯಾಕ್‌ಡೊನಾಲ್ಡ್ ಅಂತೂ 1990ರ ದಶಕದಲ್ಲಿ ಉಗುಳಿ ಉಗುಳಿ ತನ್ನ ವಿಸ್ತೀರ್ಣವನ್ನೇ ಎರಡರಷ್ಟು ಮಾಡಿಕೊಂಡಿತು. 2016ರ ಜನವರಿಯಲ್ಲಿ ‘ಇನ್ವೆಸ್ಟಿಗೇಟರ್’ ಅನ್ನೋ ಸಂಶೋಧನಾ ಹಡಗು ಹರ್ಡ್ ಪಕ್ಕದಲ್ಲಿ ಹೋಗ್ತಿತ್ತು. ಮೋಡ ಸರಿದಾಗ ನೋಡಿದ್ರೆ ಶಿಖರದಿಂದ ಹೊಗೆ, ಹಿಮದ ಮೇಲೆ ಲಾವಾ ಇಳೀತಿದೆ.

ಚಿಕ್ಕಪ್ಪ: ಇದನ್ನು ಕರಡಿನಲ್ಲಿ ಬರೆದಿದ್ದೀಯಾ?

ಹುಡುಗಿ: ಬರೆದಿದ್ದೀನಿ. ಹೊರಡೋ ಮೊದಲು ಉಪಗ್ರಹದ ಶಾಖದ ಚಿತ್ರ ನೋಡಬೇಕು, ಮೇಲೆ ಅನಿಲದ ವಾಸನೆ ಬಂದ್ರೆ ತುದಿಯ ಆಸೆ ಬಿಟ್ಟು ಇಳೀಬೇಕು ಅಂತ. ನನಗೆ ಅದಕ್ಕಿಂತ ತಲೆನೋವು ಹಿಮನದಿ. 1947ರಲ್ಲಿ ದ್ವೀಪದಲ್ಲಿ ಸುಮಾರು 289 ಚದರ ಕಿಲೋಮೀಟರ್ ಹಿಮ ಇತ್ತು. 2019ಕ್ಕೆ ಅದು ಸುಮಾರು 225. ಪೂರ್ವ ದಿಕ್ಕಿನ ಸ್ಟೀಫನ್ಸನ್ ಹಿಮನದಿ ಒಂದೇ 5.8 ಕಿಲೋಮೀಟರ್ ಹಿಂದೆ ಸರಿದಿದೆ. ಹಿಂದೆ ಹಿಮ ಇದ್ದ ಕಡೆ ಈಗ ಕೆರೆ. 1965ರಲ್ಲಿ ಹೋದವರ ಪುಸ್ತಕ ಹಿಡಿದು ದಾರಿ ಹುಡುಕಿದ್ರೆ ನೀರಿಗೆ ಇಳೀಬೇಕಾಗುತ್ತೆ. ಕೆಳಗಿನ ಹಿಮ ತೆಳುವಾದಾಗ ಬಿರುಕುಗಳೂ ಬೇರೆ ಜಾಗದಲ್ಲಿ ಬಾಯಿ ಬಿಡ್ತವೆ. ಹೊಸ ಬಿರುಕಿನ ಮೇಲೆ ಹೊಸ ಹಿಮ ಬಿದ್ದು ಮುಚ್ಚಿಕೊಂಡಿದ್ರೆ ಕಾಲಿಟ್ಟ ಮೇಲೇ ಗೊತ್ತಾಗೋದು. ಹಗ್ಗ ಕಟ್ಟಿಕೊಂಡೇ ನಡೀಬೇಕು, ದಡದಿಂದ ತುದಿವರೆಗೂ.

ಚಿಕ್ಕಪ್ಪ: ಆ ಭಾಗ ಚೆನ್ನಾಗಿ ಯೋಚಿಸಿದ್ದೀ. ಯಾರಿಗಾದರೂ ಕಾಲು ಮುರಿದರೆ?

ಹುಡುಗಿ: ನಮ್ಮಲ್ಲೇ ಒಬ್ಬ ಡಾಕ್ಟರ್ ಇದ್ದಾರೆ.

ಚಿಕ್ಕಪ್ಪ: ಡಾಕ್ಟರ್‌ಗೇ ಆದರೆ? ನಗಬೇಡ, ಆದದ್ದಿದೆ. 1950ರಲ್ಲಿ ಆ ನೆಲೆಯ ವೈದ್ಯನಿಗೇ ಅಪೆಂಡಿಸೈಟಿಸ್ ಆಯ್ತು. ಅವನನ್ನು ಕರೆತರಲಿಕ್ಕೆ ಆಸ್ಟ್ರೇಲಿಯದ ನೌಕಾಪಡೆ ‘ಎಚ್‌ಎಂಎಎಸ್ ಆಸ್ಟ್ರೇಲಿಯ’ ಅನ್ನುವ ಕ್ರೂಸರ್ ಯುದ್ಧನೌಕೆಯನ್ನೇ ಕಳಿಸಬೇಕಾಯ್ತು, ಅದೂ ನಡುಚಳಿಗಾಲದಲ್ಲಿ. ಎರಡು ವರ್ಷ ಕಳೆದು 1952ರ ಮೇ ತಿಂಗಳಲ್ಲಿ ನೆಲೆಯ ಇಬ್ಬರು ತೀರಿಕೊಂಡರು. ಒಬ್ಬನನ್ನು ಹಿಮದ ಗೋಡೆಯ ಬುಡದ ದಡದಲ್ಲಿ ನಡೀವಾಗ ಅಲೆ ಎಳೆಯಿತು, ಇನ್ನೊಬ್ಬ ಚಳಿಗೆ ಸೋತ. ಅನಾಹುತ ಶುರುವಾದದ್ದು ಬೆಟ್ಟದ ಮೇಲೆ ಅಲ್ಲ ನೋಡು, ದಡದಲ್ಲಿ. ನಿಮ್ಮಂಥವರು ಬಿರುಕನ್ನು ನೋಡಿ ಜಾಗ್ರತೆ ಮಾಡ್ತೀರಿ, ಅಲೆಗೆ ಬೆನ್ನು ತಿರುಗಿಸ್ತೀರಿ. ದೋಣಿಯಿಂದ ಇಳಿಯೋದು, ಮತ್ತೆ ದೋಣಿ ಹತ್ತೋದು, ಈ ಎರಡಕ್ಕೆ ಇಲ್ಲೇ ಅಭ್ಯಾಸ ಮಾಡಿ. ಜೂನ್‌ನಲ್ಲಿ ನಮ್ಮ ಕಡಲು ನೋಡಿದ್ದೀಯಲ್ಲ. ಮಳೆಗಾಲದಲ್ಲಿ ಇಳೀಬೇಡ ಅಂತ ಬೆಸ್ತರು ಹೇಳಿದರೆ ಇಳೀಬೇಡ. ಅವರ ಜೊತೆ ಕೂತು, ತೆರೆ ಎಣಿಸೋದು ಹೇಗೆ ಅಂತ ಕಲಿ. ಅದು ಯಾವ ಕೋರ್ಸಿನಲ್ಲೂ ಹೇಳಿಕೊಡೋದಿಲ್ಲ.

ಹುಡುಗಿ: ಬರ್ಕೋತೀನಿ. ಅನುಮತಿ ವಿಷಯ ಕೇಳಲೇ ಇಲ್ಲ ನೀವು.

ಚಿಕ್ಕಪ್ಪ: ಅಂಟಾರ್ಕ್ಟಿಕ ಒಪ್ಪಂದದ ಕೆಳಗೆ ಬರ್ತದಾ?

ಹುಡುಗಿ: ಇಲ್ಲ, ಆ ಒಪ್ಪಂದ 60 ಡಿಗ್ರಿಯಿಂದ ಕೆಳಗಿನದ್ದಕ್ಕೆ. ಇದು 1947ರಲ್ಲಿ ಬ್ರಿಟನ್ನಿನಿಂದ ಆಸ್ಟ್ರೇಲಿಯಕ್ಕೆ ಬಂದ ನೆಲ. ಟಾಸ್ಮೇನಿಯದಲ್ಲಿರೋ ಆಸ್ಟ್ರೇಲಿಯನ್ ಅಂಟಾರ್ಕ್ಟಿಕ್ ಡಿವಿಷನ್ ಅನುಮತಿ ಕೊಡಬೇಕು. ದ್ವೀಪ 1997ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ಇಲಿ ಇಲ್ಲ, ಬೆಕ್ಕಿಲ್ಲ, ಮೊಲ ಇಲ್ಲ. ಅದಕ್ಕೇ ಅವರಿಗೆ ಅದು ಅಷ್ಟು ಅಮೂಲ್ಯ. ಬೂಟಿನ ಅಡಿ, ಬ್ಯಾಗಿನ ಹೊಲಿಗೆ, ವೆಲ್ಕ್ರೋ ಪಟ್ಟಿ, ಜೇಬಿನ ಮೂಲೆ ಎಲ್ಲ ಪಿನ್ನು ಹಿಡಿದು ಕೆದಕಿ ಸ್ವಚ್ಛ ಮಾಡಬೇಕು. ಒಂದು ಹುಲ್ಲಿನ ಬೀಜ ಹೋಗಬಾರದು. ಹಡಗಿನಲ್ಲಿ ಇಲಿ ಇರಲೇಬಾರದು.

ಚಿಕ್ಕಪ್ಪ: ಹಡಗಿನಲ್ಲಿ ಇಲಿ ಇರಬಾರದು ಅನ್ನೋದು ಹೇಳಲಿಕ್ಕೆ ಸುಲಭ. ಅವರ ಭಯಕ್ಕೆ ಕಾರಣ ಇದೆ. ಮಕ್ವಾರಿ ಅನ್ನುವ ಅವರದೇ ಇನ್ನೊಂದು ದ್ವೀಪಕ್ಕೆ ಸೀಲ್ ಬೇಟೆಯವರ ಕಾಲದಲ್ಲಿ ಇಲಿ, ಮೊಲ, ಬೆಕ್ಕು ಎಲ್ಲ ಹೋದವು. ಬೆಟ್ಟವನ್ನೇ ಮೊಲ ಮೇಯ್ದು ಬೋಳು ಮಾಡಿತು. ಅದನ್ನು ಸರಿಮಾಡಿ, ಇಲಿ-ಮೊಲ ಪೂರ್ತಿ ಹೋಯ್ತು ಅಂತ 2014ರಲ್ಲಿ ಘೋಷಿಸುವಾಗ ಸುಮಾರು ಎರಡೂವರೆ ಕೋಟಿ ಆಸ್ಟ್ರೇಲಿಯನ್ ಡಾಲರ್ ಕೈಬಿಟ್ಟಿತ್ತು. ಈಗ ನನ್ನ ನಿಜವಾದ ಪ್ರಶ್ನೆ ಕೇಳ್ತೇನೆ, ಬೇಸರ ಮಾಡ್ಕೋಬೇಡ. ಈ ಅರ್ಜಿಯಲ್ಲಿ ‘ಯಾಕೆ’ ಅನ್ನುವ ಕಾಲಂ ಇರ್ತದಲ್ಲ, ಅಲ್ಲಿ ಏನು ಬರೀತೀ?

ಹುಡುಗಿ: ಪರ್ವತಾರೋಹಣ. ಇನ್ನೇನು? ಎಲ್ಲಕ್ಕೂ ಉಪಯೋಗ ಕೇಳ್ತಾ ಹೋದ್ರೆ ಯಾರೂ ಯಾವ ಬೆಟ್ಟವನ್ನೂ ಹತ್ತೋ ಹಾಗಿಲ್ಲ.

ಚಿಕ್ಕಪ್ಪ: ಹಿಮಾಲಯದಲ್ಲಿ ಹಾಗೆ ಕೇಳೋದಿಲ್ಲ ನಾನು. ಅಲ್ಲಿ ನೀನು ಹೋದರೆ ಒಬ್ಬ ಜೀಪಿನವನಿಗೆ, ನಾಲ್ಕು ಪೋರ್ಟರಿಗೆ, ಒಂದು ಢಾಬಾಗೆ ದುಡ್ಡು ಸಿಗ್ತದೆ. ಜನ ಇರುವ ಕಡೆ ಬೆಟ್ಟ ಹತ್ತೋದು ಜನರ ಜೊತೆಗಿನ ವ್ಯವಹಾರ. ಇಲ್ಲಿ ನೀವು ಏಳೆಂಟು ಜನ, ನಿಮಗಾಗಿಯೇ ಒಂದು ಹಡಗು, ಅದಕ್ಕೆ ಟನ್‌ಗಟ್ಟಲೆ ಡೀಸೆಲ್, ನಿಮಗೇನಾದರೂ ಆದರೆ ಇನ್ನೊಂದು ಸರ್ಕಾರದ ಇನ್ನೊಂದು ಹಡಗು. ಅದೂ ಹಿಮ ಕರಗುತ್ತಾ ಇದೆ ಅಂತ ನೀನೇ ಲೆಕ್ಕ ಹೇಳಿದ ದ್ವೀಪಕ್ಕೆ.

ಹುಡುಗಿ: 1965ರವರೂ ಹಾಗೇ ಹೋದರಲ್ಲ?

ಚಿಕ್ಕಪ್ಪ: ಹಾಯಿಹಡಗಿನಲ್ಲಿ ಹೋದರು, ಮುಕ್ಕಾಲು ಪಾಲು ಗಾಳಿಯ ಲೆಕ್ಕದಲ್ಲಿ. ಬಡ್ ಆ ದ್ವೀಪದ ಹಿಮ, ಸೀಲ್, ಹಕ್ಕಿ ಎಲ್ಲ ಬಲ್ಲವನು, ಹೋದಾಗಲೆಲ್ಲ ಅಳತೆ ಮಾಡಿ ಬರೆದುಕೊಂಡು ಬಂದವನು. ಬೆಟ್ಟ ಹತ್ತುವುದು ಅವನಿಗೆ ಆ ದ್ವೀಪದ ಪರಿಚಯದ ಒಂದು ಭಾಗ. ನಾನು ಹತ್ತಬೇಡ ಅನ್ನೋದಿಲ್ಲ. ನಿನಗಾಗಿ ಮಾತ್ರ ಹಡಗು ಹೊರಡಬಾರದು ಅಂತೇನೆ. ಹೇಗೂ ಹೋಗುವ ಹಡಗಿನಲ್ಲಿ ಹೋಗು.

ಹುಡುಗಿ: ಅಂಥ ಹಡಗು ಎಲ್ಲಿದೆ? ಪ್ರವಾಸಿ ಹಡಗು ಅಪರೂಪ, ಹೋದರೂ ದಡದಲ್ಲಿ ಒಂದೆರಡು ದಿನ. ಅವರು ನಮಗಾಗಿ ಕಾಯೋಲ್ಲ.

ಚಿಕ್ಕಪ್ಪ: ಹ್ಯಾಮ್ ರೇಡಿಯೋದವರನ್ನು ಕೇಳಿದ್ದೀಯಾ? ನಗ್ತೀಯಲ್ಲ! ಅವರಿಗೆ ಹರ್ಡ್ ಅಂದರೆ ತೀರ್ಥಕ್ಷೇತ್ರ. ಅವರ ಪಟ್ಟಿಯಲ್ಲಿ ಅದು ಬೇರೆಯೇ ‘ದೇಶ’, ಅಲ್ಲಿಂದ ಮಾತಾಡಿದವರು ಸಿಗೋದೇ ಅಪರೂಪ. 1997ರಲ್ಲಿ ಒಂದು ತಂಡ ಫ್ರೆಂಚರ ‘ಮರಿಯೋ ಡ್ಯುಫ್ರೇನ್’ ಹಡಗಿನಲ್ಲಿ ರಿಯೂನಿಯನ್‌ನಿಂದ ಹೋಗಿ, ಟೆಂಟ್ ಹೊಡೆದು ಕೂತು, ಪ್ರಪಂಚದಾದ್ಯಂತ 80 ಸಾವಿರಕ್ಕೂ ಹೆಚ್ಚು ಸಂಪರ್ಕ ಮಾಡಿತು. 2016ರಲ್ಲಿ ಇನ್ನೊಂದು ತಂಡ ಕೇಪ್‌ಟೌನ್‌ನಿಂದ ಹೊರಟಿತು. ನಮ್ಮ ಹಡಗಿನ ರೇಡಿಯೋ ಆಫೀಸರ್ ಒಬ್ಬರು ನಿವೃತ್ತಿಯ ನಂತರವೂ ರಾತ್ರಿಯೆಲ್ಲ ಕೂತು ಹರ್ಡ್ ಹಿಡೀಲಿಕ್ಕೆ ನೋಡ್ತಿದ್ದರು. ಹೆಂಡತಿ ಬೈದರೂ ಬಿಡಲಿಲ್ಲ. ಇಂಥವರು ಹಡಗಿನ ಖರ್ಚು ಹಂಚಿಕೊಳ್ತಾರೆ, ವಾರಗಟ್ಟಲೆ ದಡದಲ್ಲೇ ಇರ್ತಾರೆ. ಹಡಗು ಕಾಯ್ತದೆ.

ಹುಡುಗಿ: ಇದು ಹೊಳೆದೇ ಇರಲಿಲ್ಲ. ಬೆಂಗಳೂರಿನಲ್ಲಿ ಹ್ಯಾಮ್‌ಗಳ ದೊಡ್ಡ ಬಳಗವೇ ಇದೆ. ಆದ್ರೆ ಅವರು ಮತ್ತೆ ಹರ್ಡ್‌ಗೆ ಹೋಗೋದು ಯಾವ ಕಾಲಕ್ಕೋ.

ಚಿಕ್ಕಪ್ಪ: ಇನ್ನೊಂದು ದಾರಿ ಆಸ್ಟ್ರೇಲಿಯದ ಸಂಶೋಧನಾ ಹಡಗುಗಳದು. ‘ನುಯಿನಾ’ ಅನ್ನುವ ಅವರ ಹೊಸ ಐಸ್‌ಬ್ರೇಕರ್ 2025ರ ಕೊನೆಯಲ್ಲಿ ವಿಜ್ಞಾನಿಗಳನ್ನು ಹರ್ಡ್‌ಗೆ ಒಯ್ದಿತು. ಅವರು ಹಿಮದ ದಪ್ಪ ಅಳೀಬೇಕು, ಹಕ್ಕಿ ಎಣಿಸಬೇಕು, ಬಿರುಕು ತುಂಬಿದ ಹಿಮನದಿಯ ಮೇಲೆ ಓಡಾಡಬೇಕು.

ಹುಡುಗಿ: ಅವರು ಆಟಕ್ಕೆ ಹತ್ತೋರನ್ನು ಕರ್ಕೊಂಡು ಹೋಗಲ್ಲ.

ಚಿಕ್ಕಪ್ಪ: ಖಂಡಿತ ಇಲ್ಲ.

ಹುಡುಗಿ: ಹಾಗಿದ್ದರೆ ಹೇಗೂ ಶಿಖರ ಸಿಗಲ್ಲ. ಹೋಗಿ ಯಾರದೋ ಯಂತ್ರ ಹೊತ್ಕೊಂಡು, ಸಾವಿರ ಮೀಟರ್‌ವರೆಗೆ ಹೋಗಿ ಬರೋದು ನನ್ನ ಯೋಜನೆ ಅಲ್ಲ ಚಿಕ್ಕಪ್ಪ. ನಾನು ತುದಿ ಮುಟ್ಟಬೇಕು. ಇದನ್ನು ಒಪ್ಪಿಕೊಳ್ಳೋಕೆ ನಾಚಿಕೆ ಏನಿಲ್ಲ.

ಚಿಕ್ಕಪ್ಪ: ನಾಚಿಕೆ ಬೇಡ. ಆದರೆ ತುದಿ ಮೋಡದೊಳಗೇ ಇರುವ ಬೆಟ್ಟ ಅದು. ದ್ವೀಪದಲ್ಲಿ ವಾರಗಟ್ಟಲೆ ಇದ್ದವರಿಗೂ ಶಿಖರ ಕಂಡದ್ದು ಅಪರೂಪಕ್ಕೆ. ನೀನು ಸ್ವಂತ ಹಡಗು ತಗೊಂಡು ಹೋದರೂ ಒಂದು ಒಳ್ಳೆಯ ದಿನಕ್ಕಾಗಿ ಕಾದು ಕಾದು, ದಿನದ ಬಾಡಿಗೆ ಏರ್ತಾ ಹೋಗಿ, ಕೊನೆಗೆ ಕಪ್ತಾನ ‘ಇವತ್ತು ಹೊರಡದಿದ್ದರೆ ಡೀಸೆಲ್ ಸಾಲದು’ ಅಂತಾನೆ. ಆಗ ದುಡುಕಿನ ನಿರ್ಧಾರ ಹುಟ್ಟೋದು. ಕೆಟ್ಟ ಗಾಳಿಯಲ್ಲೇ ಹತ್ತುವ ಅಂತ ಯಾರೋ ಹೇಳ್ತಾರೆ, ಉಳಿದವರು ಕೊಟ್ಟ ದುಡ್ಡು ನೆನೆಸಿಕೊಂಡು ತಲೆ ಆಡಿಸ್ತಾರೆ. ಹಡಗಿಗೆ ಬೇರೆ ಕೆಲಸ ಇದ್ದರೆ ಆ ಒತ್ತಡ ನಿನ್ನ ಮೇಲೆ ಇರೋದಿಲ್ಲ. ಹವೆ ಚೆನ್ನಾಗಿದ್ದರೆ ಮೇಲೆ ಹೋಗು, ಇಲ್ಲದಿದ್ದರೆ ಇಲ್ಲ.

ಹುಡುಗಿ: ಇದು ಸರಿ. ಹೋದ ಸಲ ಹಿಮಾಲಯದಲ್ಲೂ ಹಾಗೇ ಆಯ್ತು, ಇನ್ನೊಂದು ತಂಡದಲ್ಲಿ. ದುಡ್ಡು ಕೊಟ್ಟವರು ಗೈಡ್ ಮಾತು ಕೇಳಲಿಲ್ಲ. ನಾವು ಕೆಳಗೆ ನಿಂತು ನೋಡ್ತಿದ್ವಿ.

ಚಿಕ್ಕಪ್ಪ: ಏನೂ ಆಗಲಿಲ್ಲ ತಾನೆ?

ಹುಡುಗಿ: ಒಬ್ಬರ ಎರಡು ಬೆರಳು ಹೋಯ್ತು.

ಚಿಕ್ಕಪ್ಪ: ಅಲ್ಲಿ ಬೆರಳಿಗೆ ಮುಗೀತು. ಹರ್ಡ್‌ನಲ್ಲಿ ಮುಗಿಯೋದಿಲ್ಲ.

ಹುಡುಗಿ: ಹಾಗಾದ್ರೆ ಕರಡನ್ನು ಹೇಗೆ ಬದಲಾಯಿಸಲಿ? ‘ಬೇಡ’ ಅಂತ ಒಂದೇ ಸಾಲು ಬರೆದುಕೊಂಡು ಬೆಂಗಳೂರಿಗೆ ಹೋಗೋಕೆ ಆಗಲ್ಲ.

ಚಿಕ್ಕಪ್ಪ: ಬೇಡ ಅಂತ ಯಾರು ಹೇಳಿದ್ದು? ಮೊದಲ ಪುಟದಲ್ಲಿ ಹಡಗು, ಯಾರದು, ಏನು ಕೆಲಸಕ್ಕೆ ಹೋಗ್ತಿದೆ, ನಿಮ್ಮನ್ನು ಬಿಟ್ಟು ಎಲ್ಲಿ ಕಾಯ್ತದೆ. ಎರಡನೆಯದು ಅನುಮತಿ, ಬೂಟು ತೊಳೆಯೋದರಿಂದ ಹಿಡಿದು. ಆಮೇಲೆ ದಡ ಹತ್ತುವ, ಇಳಿಯುವ ವಿಧಾನ. ನಿನ್ನ ಕ್ರಾಂಪಾನಿನ ಏಳು ಪುಟ ಕೊನೆಗೆ ಎರಡು ಪುಟ ಆಗಲಿ. ಕಾಲ ಡಿಸೆಂಬರ್‌ನಿಂದ ಫೆಬ್ರುವರಿ. ಅಲ್ಲಿಯ ಬೇಸಿಗೆ ಅದು, ಹಗಲೂ ಉದ್ದ. ಆಗ ದಡದಲ್ಲಿ ಸೀಲ್‌ಗಳ ಮರಿ ಹಾಕುವ ಗಲಾಟೆ ಇರ್ತದೆ, ದೂರದಿಂದ ಸುತ್ತಿಕೊಂಡು ಹೋಗಬೇಕು.

ಹುಡುಗಿ: ಅಲ್ಲೊಂದು ಕಾಡು ಕೋಸು ಸಿಗುತ್ತಂತೆ, ಕೆರ್ಗೆಲೆನ್ ಕೋಸು. ಹಳೇ ನಾವಿಕರು ಸ್ಕರ್ವಿ ಬರದ ಹಾಗೆ ಅದನ್ನೇ ತಿಂತಿದ್ದರಂತೆ.

ಚಿಕ್ಕಪ್ಪ: ನೀನು ಕಿತ್ತು ತಿಂದರೆ ಅನುಮತಿ ಕೊಟ್ಟವರು ನಿನ್ನನ್ನೇ ಕಿತ್ತು ಹಾಕ್ತಾರೆ. ನಿಂಬೆ ಉಪ್ಪಿನಕಾಯಿ ಒಯ್ಯಲಿಕ್ಕಾದರೂ ಬಿಡ್ತಾರಾ ಕೇಳು.

ಹುಡುಗಿ: ಮೊದಲ ಪತ್ರ ಯಾರಿಗೆ ಬರೀಲಿ? ಹಡಗಿನ ಏಜೆಂಟರಿಗಾ, ಅನುಮತಿ ಕೊಡೋ ಕಚೇರಿಗಾ?

ಚಿಕ್ಕಪ್ಪ: ಎರಡೂ ಅಲ್ಲ. ಹರ್ಡ್‌ನ ಹಿಮನದಿಗಳ ಮೇಲೆ ಕೆಲಸ ಮಾಡ್ತಿರುವ ವಿಜ್ಞಾನಿಗಳಿಗೆ ಬರಿ. ಶಿಖರದ ಹೆಸರು ಮೊದಲ ಪತ್ರದಲ್ಲಿ ಎತ್ತಬೇಡ. ಅಂಟಾರ್ಕ್ಟಿಕದ ನೆಲೆಗಳಲ್ಲಿ ವಿಜ್ಞಾನಿಗಳನ್ನು ಹಿಮದ ಮೇಲೆ ಜೋಪಾನವಾಗಿ ಓಡಾಡಿಸಲಿಕ್ಕೆ, ಬಿರುಕಿಗೆ ಬಿದ್ದವರನ್ನು ಎತ್ತಲಿಕ್ಕೆ ಅಂತಲೇ ಸಂಬಳ ಕೊಟ್ಟು ಪರ್ವತಾರೋಹಿಗಳನ್ನು ಇಟ್ಟುಕೊಳ್ತಾರೆ. ಆ ಕೆಲಸ ನನಗೆ ಬರ್ತದೆ, ಇಂತಿಂಥ ಕಡೆ ಮಾಡಿದ್ದೇನೆ ಅಂತ ಬರಿ.

ಹುಡುಗಿ: ಅವರು ಕರೆಯದಿದ್ದರೆ?

ಚಿಕ್ಕಪ್ಪ: ಕರೆಯದಿದ್ದರೆ ಹ್ಯಾಮ್‌ನವರು. ಅವರೂ ಹೋಗದಿದ್ದರೆ ಆ ವರ್ಷ ನೀನೂ ಹೋಗಬೇಡ. ಕರಡಿನ ಮೇಲೆ ತಾರೀಕು ಮಾತ್ರ ಖಾಲಿ ಬಿಡು.